ಮಳೆಗಾಲದ ಕೊಡಗಿನಲ್ಲಿ ಪಿ-ಆ್ಯಡಿಕ್ ಗಣಿತ ಸಭೆ: ರೂಮು, ಊಟ, ಬೋರ್ಡು, ಪಾಠ, ಎಲ್ಲದರ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಮಳೆಯಿಂದಲ್ಲ, ಜಿಗಣೆಯಿಂದಲೂ ಅಲ್ಲ. ಅರ್ಧ ವೈಫೈಗೆ ಹೋಯಿತು, ಇನ್ನರ್ಧ ಎರಡನೇ ದಿನದ ವೇಳಾಪಟ್ಟಿಗೆ.

ಮಡಿಕೇರಿಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇರುವ ಹೋಮ್‌ಸ್ಟೇ ಇದು. ಹಳೇ ಕಾಫಿ ಗೋದಾಮನ್ನು ರಿಪೇರಿ ಮಾಡಿ ಹಾಲ್ ಮಾಡಿದ್ದಾರೆ. ಸಾಮಾನ್ಯವಾಗಿ ಅಲ್ಲಿ ನಡೆಯುವುದು ಕಂಪನಿಯವರ ಟೀಮ್ ಔಟಿಂಗು, ನಿಶ್ಚಿತಾರ್ಥ, ಯೋಗ ಶಿಬಿರ. ಈ ಸಲ ಆಗಸ್ಟ್ ಮೊದಲ ವಾರ ಪಿ-ಆ್ಯಡಿಕ್ ಮತ್ತು ನಾನ್-ಆರ್ಕಿಮೀಡಿಯನ್ ಅನಾಲಿಸಿಸ್ (ಒಂದು ಅವಿಭಾಜ್ಯ ಸಂಖ್ಯೆ ಎಷ್ಟು ಸಲ ಭಾಗಿಸುತ್ತದೆ ಅಂತ ನೋಡಿ ಸಂಖ್ಯೆಗಳ ಗಾತ್ರ ಅಳೆಯುವ ಗಣಿತ) ಮೇಲೆ ಒಂದು ಸಣ್ಣ ಅಂತರರಾಷ್ಟ್ರೀಯ ಸಭೆ ನಡೆಯಿತು. ಹೊರದೇಶದವರು ಬಂದಿದ್ದರು, ನಮ್ಮ ದೇಶದ ಬೇರೆ ಬೇರೆ ವಿಶ್ವವಿದ್ಯಾಲಯದವರು ಬಂದಿದ್ದರು, ಜೊತೆಗೆ ನನ್ನಂಥ ಇಲ್ಲಿನ ಡಿಗ್ರಿ ಕಾಲೇಜಿನ ಮೇಷ್ಟ್ರುಗಳು. ನಾನು ಈ ವಿಷಯದಲ್ಲಿ ಸಂಶೋಧನೆ ಮಾಡಿದವನಲ್ಲ. ಬಿ.ಎಸ್ಸಿ. ಮಕ್ಕಳಿಗೆ ರಿಯಲ್ ಅನಾಲಿಸಿಸ್ ಪಾಠ ಮಾಡುತ್ತೇನೆ. ಊರಿನವನು ಅಂತ ವಾಹನ, ರೂಮು, ಛತ್ರಿ ಇದೆಲ್ಲ ನನ್ನ ತಲೆಗೆ ಕಟ್ಟಿದ್ದರು. ಹಾಗಾಗಿ ಜಾಗದ್ದೂ ಸಭೆಯದ್ದೂ ಎರಡೂ ಒಟ್ಟಿಗೆ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಕೆಲವು ದೂರುಗಳಿವೆ, ಮಾಲೀಕರು ಒಳ್ಳೆಯವರು, ಸುಮ್ನೆ ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ.

ಗಣಿತದವರನ್ನು ಒಂದು ಕಡೆ ಸೇರಿಸಬೇಕು ಅಂತಿರುವವರಿಗೆ ನಾನು ಹೇಳುವುದು ಇಷ್ಟೇ: ಬೋರ್ಡು ನೋಡಿ, ಬಿಡುವು ನೋಡಿ. ಈ ಎರಡು ಸರಿ ಇದ್ದರೆ ಉಳಿದದ್ದನ್ನು ಅವರು ಸಹಿಸಿಕೊಳ್ಳುತ್ತಾರೆ. ಎಸಿ, ಸ್ಕ್ರೀನು, ಸ್ವಾಗತದ ಹೂಗುಚ್ಛ ಯಾವುದನ್ನೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆಗಸ್ಟ್‌ನಲ್ಲಿ ಕೊಡಗಿಗೆ ಯಾರಾದರೂ ಬರುತ್ತಾರಾ ಅಂತ ಕೇಳಬಹುದು. ಅದೇ ಲಾಭ. ಆಗ ಪ್ರವಾಸಿಗರು ಕಡಿಮೆ, ರೂಮಿನ ಬಾಡಿಗೆ ಇಳಿದಿರುತ್ತದೆ, ಯುರೋಪಿನ ಮೇಷ್ಟ್ರುಗಳಿಗೆ ಆಗ ರಜೆ. ಆಯೋಜಕರು ಲೆಕ್ಕ ಹಾಕಿಯೇ ಮಾಡಿದ್ದರು. ಆದರೆ ಮಳೆಯ ಲೆಕ್ಕ ಇನ್ನೊಂದು. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ಬರುವವರಲ್ಲಿ ಕೆಲವರು ಅದನ್ನು ಓದಿಕೊಂಡು ಹೆದರಿದ್ದರು, ಮೇಲ್ ಮೇಲೆ ಮೇಲ್ ಹಾಕಿ ಕೇಳುತ್ತಿದ್ದರು. ಹೆದರಿದ್ದು ತಪ್ಪಲ್ಲ. ನಾವೂ ಹೆದರುತ್ತೇವೆ. ಆದ್ದರಿಂದ ಹೊರಡುವ ಹಿಂದಿನ ದಿನ ಘಾಟಿ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ.

ನಮ್ಮ ಜಿಲ್ಲೆಗೆ ರೈಲಿಲ್ಲ. ಹತ್ತಿರದ ವಿಮಾನ ನಿಲ್ದಾಣ ಕಣ್ಣೂರಿನದು, ಮಟ್ಟನ್ನೂರಿನಲ್ಲಿದೆ, 2018ರ ಕೊನೆಗೆ ಶುರುವಾಯಿತು. ಅಲ್ಲಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆ ಮೇಲೆ ಬರಬೇಕು. ಮ್ಯಾಪಿನಲ್ಲಿ ನೋಡಿದರೆ ಕೈಗೆ ಸಿಗುವಷ್ಟು ಹತ್ತಿರ, ಮಳೆಗಾಲದಲ್ಲಿ ಆ ತಿರುವುಗಳಲ್ಲಿ ಬರುವಾಗ ದೂರ. ದೂರದೇಶದವರಿಗೆ ಬೆಂಗಳೂರಿಗೆ ಇಳಿದು ಮೈಸೂರು, ಕುಶಾಲನಗರದ ಮೇಲೆ ರಸ್ತೆಯಲ್ಲಿ ಬರುವುದೇ ಸುಲಭ. ಹೋಮ್‌ಸ್ಟೇಯವರು ಕಳಿಸಿದ ಡ್ರೈವರ್ ಬಗ್ಗೆ ಎರಡು ಮಾತಿಲ್ಲ, ಐದಕ್ಕೆ ಐದು. ಸಂಪಾಜೆ ಕಡೆಯಿಂದ ಬಂದ ಒಬ್ಬರಿಗೆ ವಾಂತಿ ಬಂತು. ಈ ಅಣ್ಣ ಜೀಪಿನಲ್ಲಿ ಇಟ್ಟುಕೊಂಡಿದ್ದ ಕಿತ್ತಳೆ ಸಿಪ್ಪೆ ಮೂಸಲು ಕೊಟ್ಟು, ಮುಂದಿನ ಸೀಟಿಗೆ ಕೂರಿಸಿ, ಮಾತಾಡಿಸುತ್ತಾ ಮೇಲೆ ತಂದ. ಭಾಷೆ ಬೇರೆ. ಇಬ್ಬರೂ ಫುಟ್‌ಬಾಲ್ ಆಟಗಾರರ ಹೆಸರು ಹೇಳಿಕೊಂಡೇ ಮಡಿಕೇರಿ ಮುಟ್ಟಿದ್ದಾರೆ.

ರೂಮುಗಳು ಸ್ವಚ್ಛ. ಹೊದಿಕೆ ದಪ್ಪ. ಬಿಸಿನೀರು ಸೌದೆ ಹಂಡೆಯದು, ಬೆಳಿಗ್ಗೆ ಆರಕ್ಕೆ ಕೇಳಿದರೂ ಸಿಗುತ್ತದೆ. ಬಟ್ಟೆ ಒಣಗುವುದಿಲ್ಲ, ಅದಕ್ಕೆ ಯಾರೂ ಏನೂ ಮಾಡಲಾಗದು, ಜಾಸ್ತಿ ಜೊತೆ ಕಾಲುಚೀಲ ತನ್ನಿ. ಜಿಗಣೆಗೆ ಉಪ್ಪಿನ ಪೊಟ್ಟಣ ಪ್ರತಿ ಬಾಗಿಲಲ್ಲೂ ಇಟ್ಟಿದ್ದರು. ವೈಫೈ ಮಾತ್ರ ಮಾಲೀಕರ ಮನೆಯ ಜಗಲಿಯಲ್ಲಿ ಚೆನ್ನಾಗಿ ಸಿಗುತ್ತದೆ, ಹಾಲ್‌ನಲ್ಲಿ ಬಂದು ಹೋಗಿ ಮಾಡುತ್ತದೆ, ರೂಮಿನಲ್ಲಿ ಇಲ್ಲ. "ಹೈ ಸ್ಪೀಡ್ ಇಂಟರ್ನೆಟ್" ಅಂತ ಬುಕಿಂಗ್ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ. ದಯವಿಟ್ಟು ಅದನ್ನು ತೆಗೆಯಿರಿ.

ಊಟಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಅವರು ನಿಜವಾಗಿ ಗೆದ್ದಿದ್ದಾರೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಒಂದು ದಿನ ನೂಲ್‌ಪುಟ್ಟು, ಒಂದು ದಿನ ಪಾಪುಟ್ಟು. ಮಧ್ಯಾಹ್ನ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿ ಕರಿ (ಹಂದಿ ಮಾಂಸದ್ದು), ಕೋಳಿ ಸಾರು. ಸಸ್ಯಾಹಾರಿಗಳು ಸಾಕಷ್ಟು ಜನ ಇದ್ದರು, ಅವರಿಗೆ ಕಣಿಲೆ ಪಲ್ಯ, ಅಣಬೆ, ಕೆಸದ ಎಲೆಯ ಪತ್ರೊಡೆ. ಸಸ್ಯಾಹಾರಿಗಳೆಂದರೆ ಅನ್ನ ಮೊಸರು ಕೊಟ್ಟು ಕೈ ತೊಳೆದುಕೊಳ್ಳುವ ಜಾಗಗಳನ್ನು ಬೇಕಾದಷ್ಟು ನೋಡಿದ್ದೇನೆ, ಇಲ್ಲಿ ಹಾಗಾಗಲಿಲ್ಲ. ಪಾತ್ರೆ ಬೇರೆ, ಸೌಟು ಬೇರೆ, ಮೇಜು ಬೇರೆ. ಬೆಲ್ಲದ ಕಾಫಿ ಇಡೀ ದಿನ ಫ್ಲಾಸ್ಕಿನಲ್ಲಿ ಇರುತ್ತಿತ್ತು. ಹಾಲು ಹಾಕಿದ್ದು ಬೇಕೆಂದರೆ ಕೇಳಬೇಕು.

ಆಗಸ್ಟ್ 3 ಸಭೆಯ ನಡುವೆಯೇ ಬಂತು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಮದ್ದು ಸೊಪ್ಪಿನ ದಿನ. ಆ ದಿನ ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರಿರುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ಪಾಯಸ ಬಡಿಸುವ ಮುಂಚೆ ಮಾಲೀಕರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. "ಸರ್, ಇದನ್ನ ತಿಂದ್ರೆ ನಾಳೆ ಬೆಳಿಗ್ಗೆ ಮೂತ್ರ ಕೆಂಪಾಗಿ ಹೋಗುತ್ತೆ, ಇವರಿಗೆಲ್ಲ ನೀವೇ ಹೇಳ್ಬೇಕು, ನಂಗೆ ನಾಚಿಕೆ ಆಗುತ್ತೆ" ಅಂದರು. "ಅಕ್ಕ, ನಂಗೂ ಆಗುತ್ತೆ" ಅಂದೆ. ಆದರೂ ಹೇಳಲೇಬೇಕಲ್ಲ, ಇಲ್ಲದಿದ್ದರೆ ಮಾರನೇ ದಿನ ಅರ್ಧ ಜನ ಜಿಲ್ಲಾಸ್ಪತ್ರೆಯಲ್ಲಿ ಇರುತ್ತಿದ್ದರು. ಮಧ್ಯಾಹ್ನದ ಭಾಷಣದ ಘೋಷಣೆ ಜೊತೆಗೇ ಇದನ್ನೂ ಮೈಕಿನಲ್ಲಿ ಹೇಳಿದೆ. ಬೆಳಿಗ್ಗೆ ತಿಂಡಿಗೆ ಬಂದವರೆಲ್ಲ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಪಾಯಸ ಎರಡನೇ ಸಲ ಹಾಕಿಸಿಕೊಂಡವರು ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ.

ಈಗ ಬೋರ್ಡು. ಹಾಲ್‌ನಲ್ಲಿ ಗೋಡೆಯುದ್ದಕ್ಕೂ ನಿಜವಾದ ಕಪ್ಪು ಬೋರ್ಡು ಇದೆ. ಮಾಲೀಕರ ತಂದೆ ಗೋದಾಮಿನಲ್ಲಿ ಮೂಟೆ ಲೆಕ್ಕ ಬರೆಯಲು ಹಾಕಿಸಿದ್ದಂತೆ, ತೆಗೆಸಿಲ್ಲ. ಗಣಿತದವರು ಒಳಗೆ ಬಂದವರೇ ಮೊದಲು ಹೋಗಿ ಅದನ್ನು ಮುಟ್ಟಿ ನೋಡಿದರು. ಒಬ್ಬರು ಹಾಗೊರೊಮೊ ಸೀಮೆಸುಣ್ಣ ತಂದಿದ್ದರು. ಜಪಾನಿನ ಆ ಕಂಪನಿ 2015ರಲ್ಲಿ ಮುಚ್ಚಿದಾಗ ಜಗತ್ತಿನ ಗಣಿತಜ್ಞರು ಪೆಟ್ಟಿಗೆಗಟ್ಟಲೆ ಕೊಂಡು ಕೂಡಿಟ್ಟುಕೊಂಡರು, ಆಮೇಲೆ ಕೊರಿಯಾದವರು ಅದರ ತಯಾರಿಕೆ ಮುಂದುವರಿಸಿದರು. ಆ ಸುಣ್ಣದ ಕಡ್ಡಿ ಬೋರ್ಡಿನ ಮೇಲೆ ಬೆಣ್ಣೆಯ ಹಾಗೆ ಓಡುತ್ತದೆ ಅಂತ ಕೇಳಿದ್ದೆ. ಇಲ್ಲಿ ಓಡಲಿಲ್ಲ. ಕಕ್ಕಡದ ತೇವಕ್ಕೆ ಬೋರ್ಡಿನ ಮೇಲೆ ಸಣ್ಣಗೆ ಬೆವರು, ಕಡ್ಡಿ ಜಾರುತ್ತದೆ, ಬರೆದದ್ದು ಮೂಡುವುದಿಲ್ಲ, ಒರೆಸಿದರೆ ಕೆಸರು. ಜಪಾನಿನದೂ ಅಷ್ಟೇ, ನಾನು ಮಡಿಕೇರಿ ಪೇಟೆಯಿಂದ ತಂದದ್ದೂ ಅಷ್ಟೇ.

ಅದನ್ನು ಸರಿ ಮಾಡಿದ್ದು ಅಡುಗೆಯ ಅಕ್ಕ. ಸೀಮೆಸುಣ್ಣದ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋಗಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರು. ಬೋರ್ಡಿನ ಕೆಳಗೆ ಉದ್ದಕ್ಕೂ ಕೆಂಡದ ಅಗ್ಗಿಷ್ಟಿಕೆ ಇಡಿಸಿದರು. ಅರ್ಧ ಗಂಟೆಯಲ್ಲಿ ಬೋರ್ಡು ಗರಿಗರಿ. ಆಮೇಲೆ ಪ್ರತಿ ದಿನ ಬೆಳಿಗ್ಗೆ ಒಲೆ ಮೇಲಿಂದ ಬಿಸಿ ಬಿಸಿ ಸೀಮೆಸುಣ್ಣ ಬರುತ್ತಿತ್ತು. ಅದೇ ಅಟ್ಟದಲ್ಲಿ ಹಂದಿ ಮಾಂಸವನ್ನೂ ಹೊಗೆಗೆ ಇಟ್ಟಿದ್ದರಿಂದ ಕಡ್ಡಿಗೆ ಒಂದು ವಾಸನೆ ಅಂಟಿತ್ತು. ಕಟ್ಟಾ ಸಸ್ಯಾಹಾರಿ ಪ್ರೊಫೆಸರ್ ಒಬ್ಬರು ಒಂದು ಗಂಟೆ ಅದರಲ್ಲೇ ಬರೆದರು, ಪಾಪ, ಯಾರೂ ಹೇಳಲಿಲ್ಲ.

ಸಭೆಯ ಬಗ್ಗೆ. ಈ ವಿಷಯಕ್ಕೆ ಹಳೆಯ ದೊಡ್ಡ ಸರಣಿಯೇ ಇದೆ, ಪಿ-ಆ್ಯಡಿಕ್ ಫಂಕ್ಷನಲ್ ಅನಾಲಿಸಿಸ್ ಮೇಲೆ. ಮೊದಲನೆಯದು 1990ರಲ್ಲಿ ಸ್ಪೇನಿನ ಲಾರೆಡೊ ಎಂಬಲ್ಲಿ ನಡೆಯಿತು, ಹತ್ತನೆಯದು 2008ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 2012ರದು ಕೆನಡಾದ ವಿನ್ನಿಪೆಗ್‌ನಲ್ಲಿ. ನಮ್ಮದು ಅದಲ್ಲ. ಅಲ್ಲಿಗೆಲ್ಲ ಹೋಗಿ ಬಂದ ಕೆಲವರು ಸೇರಿ ಮಾಡಿದ ಚಿಕ್ಕ ಸಭೆ. ಚಿಕ್ಕದಾಗಿದ್ದೇ ಒಳ್ಳೆಯದಾಯಿತು. ಊಟದ ಮೇಜಿನಲ್ಲಿ ಯಾರ ಪಕ್ಕ ಕೂತರೂ ಪ್ರಶ್ನೆ ಕೇಳಬಹುದಿತ್ತು.

ಆಯೋಜಕರು ಮಾಡಿದ ಒಂದು ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಮೊದಲ ದಿನ ಬೆಳಿಗ್ಗೆಯನ್ನು ಪೂರ್ತಿ ಇಲ್ಲಿನ ಡಿಗ್ರಿ ಮಕ್ಕಳಿಗೆ ಬಿಟ್ಟುಕೊಟ್ಟರು, ಅದೂ ಕನ್ನಡದಲ್ಲಿ. ಧಾರವಾಡ ಕಡೆಯ ಒಬ್ಬ ಹಿರಿಯ ಮೇಷ್ಟ್ರು ಪಾಠ ಮಾಡಿದರು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಮಕ್ಕಳು ಒದ್ದೆ ಛತ್ರಿ ಹಿಡಿದುಕೊಂಡು ಬಂದಿದ್ದರು.

ಮೇಷ್ಟ್ರು ಸೀದಾ ಲೆಕ್ಕಕ್ಕೆ ಇಳಿದರು. ಒಂದು ಅವಿಭಾಜ್ಯ ಸಂಖ್ಯೆ ಹಿಡಿದುಕೊಳ್ಳಿ, 5 ಅಂತಿಟ್ಟುಕೊಳ್ಳಿ. ಒಂದು ಸಂಖ್ಯೆಯನ್ನು 5 ಎಷ್ಟು ಸಲ ಭಾಗಿಸುತ್ತದೋ ಅದು ಅಷ್ಟು ಚಿಕ್ಕದು. 5ರ ಗಾತ್ರ ಐದರಲ್ಲೊಂದು ಪಾಲು. 25ರ ಗಾತ್ರ ಇಪ್ಪತ್ತೈದರಲ್ಲೊಂದು ಪಾಲು. 1000ದ ಗಾತ್ರ 125ರಲ್ಲೊಂದು ಪಾಲು. 7ನ್ನು 5 ಭಾಗಿಸುವುದೇ ಇಲ್ಲ, ಅದರ ಗಾತ್ರ 1. ಅಂದರೆ 1000ಕ್ಕಿಂತ 7 ದೊಡ್ಡದು. ಎರಡು ಸಂಖ್ಯೆಗಳ ನಡುವಿನ ದೂರ ಅಂದರೆ ಅವುಗಳ ವ್ಯತ್ಯಾಸದ ಗಾತ್ರ. 1, 6, 26 ತೆಗೆದುಕೊಳ್ಳಿ. 1ರಿಂದ 6ಕ್ಕೆ ವ್ಯತ್ಯಾಸ 5, 6ರಿಂದ 26ಕ್ಕೆ 20, 1ರಿಂದ 26ಕ್ಕೆ 25. ಗಾತ್ರ ನೋಡಿದರೆ ಐದರಲ್ಲೊಂದು, ಐದರಲ್ಲೊಂದು, ಇಪ್ಪತ್ತೈದರಲ್ಲೊಂದು. ಎರಡು ದೊಡ್ಡ ಬಾಹುಗಳು ಸಮ ಬಂದವು. ಯಾವ ಮೂರು ಸಂಖ್ಯೆ ಹಿಡಿದರೂ ಇದೇ ಆಗುತ್ತದೆ, ಈ ಲೋಕದಲ್ಲಿ ಪ್ರತಿ ತ್ರಿಕೋನವೂ ಸಮದ್ವಿಬಾಹು. ಹಿಂದಿನ ಬೆಂಚಿನ ಹುಡುಗರು ನಂಬಲಿಲ್ಲ, ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಸಂಖ್ಯೆ ಹಾಕಿ ತಪ್ಪು ಹುಡುಕುತ್ತಾ ಕೂತರು. ನನ್ನ ಕ್ಲಾಸಿನಲ್ಲಿ ಅವರು ಒಂದು ದಿನವೂ ಹಾಗೆ ಪೆನ್ನು ಹಿಡಿದಿಲ್ಲ.

ಆಮೇಲೆ ನಾನ್-ಆರ್ಕಿಮೀಡಿಯನ್ ಅಂದರೆ ಏನು ಅಂತ ಹೇಳಿದ್ದು ನನಗೆ ಬಹಳ ಹಿಡಿಸಿತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅಂತೀವಲ್ಲ, ಅದೇ ಆರ್ಕಿಮೀಡಿಯನ್ ಗುಣ ಅಂದರು. ಎಷ್ಟೇ ಚಿಕ್ಕದಿರಲಿ, ಅದನ್ನೇ ಮತ್ತೆ ಮತ್ತೆ ಕೂಡಿದರೆ ಒಂದು ದಿನ ಎಂಥ ದೊಡ್ಡದನ್ನೂ ದಾಟುತ್ತದೆ. ಪಿ-ಆ್ಯಡಿಕ್ ಲೋಕದಲ್ಲಿ ಆ ಗಾದೆ ನಡೆಯುವುದಿಲ್ಲ. ಸಾವಿರ ಸಲ ಕೂಡಿ, ಲಕ್ಷ ಸಲ ಕೂಡಿ, ಹನಿ ಇದ್ದಷ್ಟೇ ಇರುತ್ತದೆ, ಇಲ್ಲವೇ ಇನ್ನೂ ಚಿಕ್ಕದಾಗುತ್ತದೆ. ಹೊರಗೆ ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿದ್ದಾಗ ಇದನ್ನು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಒಬ್ಬ ಹುಡುಗ ಎದ್ದು "ಸರ್, ಹಾಗಾದ್ರೆ ಅಲ್ಲಿ ಸಾಲ ಮಾಡಿದ್ರೆ ಬಡ್ಡಿ ಬೆಳೆಯೋದೇ ಇಲ್ವಾ?" ಅಂದ. "ಬೆಳೆಯೂದಿಲ್ಲ ತಮ್ಮಾ, ಆದ್ರ ಅಲ್ಲಿ ಬ್ಯಾಂಕೂ ಇಲ್ಲ" ಅಂದರು ಮೇಷ್ಟ್ರು.

ಬಿ.ಎಸ್ಸಿ.ಯಲ್ಲಿ ಸರಣಿ ಪಾಠ ಮಾಡಿದವರಿಗೆ ಗೊತ್ತು ಆ ಗೋಳು. ಪದಗಳು ಸೊನ್ನೆಗೆ ಹೋದರೂ ಮೊತ್ತ ನಿಲ್ಲಬೇಕೆಂದಿಲ್ಲ, ಅದಕ್ಕೊಂದು ಪರೀಕ್ಷೆ, ಇದಕ್ಕೊಂದು ಪರೀಕ್ಷೆ, ಮಕ್ಕಳಿಗೆ ಯಾವುದು ಎಲ್ಲಿ ಹಾಕಬೇಕು ಅಂತ ಕೊನೆಯವರೆಗೂ ಗೊಂದಲ. ಪಿ-ಆ್ಯಡಿಕ್‌ನಲ್ಲಿ ಪದಗಳು ಸೊನ್ನೆಗೆ ಹೋದರೆ ಸಾಕು, ಮೊತ್ತ ನಿಲ್ಲುತ್ತದೆ, ಮುಗಿಯಿತು. 1 + 5 + 25 + 125 ಹೀಗೆ ಕೂಡುತ್ತಾ ಹೋದರೆ 5-ಆ್ಯಡಿಕ್‌ನಲ್ಲಿ ಉತ್ತರ ಮೈನಸ್ ಕಾಲು. −1ಕ್ಕೆ ವರ್ಗಮೂಲವೂ ಇದೆ. 2ರ ವರ್ಗ 4, ಒಂದು ಸೇರಿಸಿದರೆ 5. 7ರ ವರ್ಗ 49, ಒಂದು ಸೇರಿಸಿದರೆ 50, ಅದು 25ರಿಂದ ಭಾಗವಾಗುತ್ತದೆ. 57ರ ವರ್ಗಕ್ಕೆ ಒಂದು ಸೇರಿಸಿದರೆ 3250, ಅದು 125ರಿಂದ ಭಾಗವಾಗುತ್ತದೆ. 182ರದು 33125, ಅದು 625ರಿಂದ. ಹೀಗೆ 2, 7, 57, 182 ಅಂತ ಹೋಗುತ್ತಾ ಪ್ರತಿ ಹೆಜ್ಜೆಯಲ್ಲೂ −1ರ ವರ್ಗಮೂಲಕ್ಕೆ ಹತ್ತಿರ ಬರುತ್ತೀರಿ. ಹೆನ್ಸೆಲ್ ಅನ್ನುವ ಜರ್ಮನ್ ಗಣಿತಜ್ಞ 1897ರಲ್ಲಿ ಈ ಸಂಖ್ಯೆಗಳನ್ನು ತಂದ, 1916ರಲ್ಲಿ ಆಸ್ಟ್ರೋವ್‌ಸ್ಕಿ ಇನ್ನೊಂದು ತೋರಿಸಿದ: ಭಿನ್ನರಾಶಿಗಳಿಗೆ ಗಾತ್ರ ಅಳೆಯುವ ರೀತಿ ನಮಗೆ ಗೊತ್ತಿರುವುದೊಂದು, ಪ್ರತಿ ಅವಿಭಾಜ್ಯಕ್ಕೂ ಇಂಥದ್ದೊಂದು. ಎಲ್ಲವನ್ನೂ ಒಂದೇ ಗಾತ್ರ ಅನ್ನುವ ಸಪ್ಪೆ ರೀತಿ ಬಿಟ್ಟರೆ ಬೇರೆ ಇಲ್ಲ.

ಮಕ್ಕಳು ಮನೆಗೆ ತೆಗೆದುಕೊಂಡು ಹೋದದ್ದು ಮಾತ್ರ ಮಾನ್ಸ್ಕಿಯ ಪ್ರಮೇಯ. ಬದಿ 1 ಇರುವ ಒಂದು ಚೌಕವನ್ನು ಒಂದೇ ವಿಸ್ತೀರ್ಣದ ತ್ರಿಕೋನಗಳಾಗಿ ಕತ್ತರಿಸಬೇಕು. ಎರಡು ಮಾಡಬಹುದು, ನಾಲ್ಕು ಮಾಡಬಹುದು, ಆರು ಮಾಡಬಹುದು. ಮೂರು? ಐದು? ಏಳು? ಆಗುವುದೇ ಇಲ್ಲ. ಪ್ರಶ್ನೆ ಹೈಸ್ಕೂಲಿನದು, ಉತ್ತರ ಸಿಕ್ಕಿದ್ದು 1970ರಲ್ಲಿ, ಅದೂ 2-ಆ್ಯಡಿಕ್ ಗಾತ್ರದಿಂದ. ಚೌಕದ ಪ್ರತಿ ಬಿಂದುವಿಗೂ ಮೂರರಲ್ಲಿ ಒಂದು ಬಣ್ಣ ಕೊಡುತ್ತಾರೆ: ಅದರ ಎಕ್ಸ್, ವೈ ಮತ್ತು 1, ಈ ಮೂರರಲ್ಲಿ 2-ಆ್ಯಡಿಕ್ ಗಾತ್ರ ಯಾವುದಕ್ಕೆ ಜಾಸ್ತಿ ಅಂತ ನೋಡಿ. ಹೇಗೇ ಕತ್ತರಿಸಿದರೂ ಮೂರು ಮೂಲೆಗೂ ಮೂರು ಬೇರೆ ಬಣ್ಣ ಇರುವ ಒಂದು ತ್ರಿಕೋನ ಇದ್ದೇ ಇರುತ್ತದೆ. ಅಂಥ ತ್ರಿಕೋನದ ವಿಸ್ತೀರ್ಣದ 2-ಆ್ಯಡಿಕ್ ಗಾತ್ರ 1ಕ್ಕಿಂತ ದೊಡ್ಡದು. ಆದರೆ ಬೆಸ ಸಂಖ್ಯೆಯಷ್ಟು ಸಮಪಾಲು ಮಾಡಿದರೆ ಒಂದೊಂದು ಪಾಲಿನ ವಿಸ್ತೀರ್ಣದ 2-ಆ್ಯಡಿಕ್ ಗಾತ್ರ ಸರಿಯಾಗಿ 1. ಹೊಂದುವುದಿಲ್ಲ. ವರ್ಗಮೂಲ ಎರಡರಂಥ ಸಂಖ್ಯೆಗಳಿಗೂ ಈ ಗಾತ್ರವನ್ನು ವಿಸ್ತರಿಸಬೇಕಲ್ಲ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಹೌದು, ವಿಸ್ತರಿಸಬಹುದು, ಅದು ಬೇರೆ ದಿನದ ಪಾಠ ಅಂದರು. ಕಾಫಿ ಬಿಡುವಿನಲ್ಲಿ ನೋಡಿದರೆ ಮಕ್ಕಳೆಲ್ಲ ಕರಪತ್ರ ಮಡಚಿ ಕತ್ತರಿಸುತ್ತಿದ್ದರು. ಸಾಧ್ಯವಿಲ್ಲ ಅಂತ ಸಾಧಿಸಿ ತೋರಿಸಿದ ಮೇಲೂ ಕತ್ತರಿಸುತ್ತಿದ್ದರು.

ಎರಡನೇ ದಿನಕ್ಕೆ ಬಂದರೆ, ನನ್ನ ಅರ್ಧ ಸ್ಟಾರ್ ಕಳೆದುಹೋದ ದಿನ. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಇಪ್ಪತ್ತೈದು ನಿಮಿಷದ ಭಾಷಣಗಳು, ಒಂದರ ಬಾಲ ಹಿಡಿದು ಇನ್ನೊಂದು. ಎಲ್ಲ ಸ್ಲೈಡು. ಅಷ್ಟು ಚೆನ್ನಾಗಿ ಒಣಗಿಸಿಟ್ಟ ಬೋರ್ಡನ್ನು ಮುಟ್ಟಿದವರಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ನಲವತ್ತು ಸ್ಲೈಡು ಓಡಿಸಿದರೆ ಕೇಳುವವರಿಗೆ ಏನು ಸಿಗುತ್ತದೆ ಹೇಳಿ? ನನಗೆ ಮಾತ್ರ ಅಲ್ಲ, ಅದೇ ವಿಷಯದಲ್ಲಿ ಪಿಎಚ್.ಡಿ. ಮಾಡುವ ಹುಡುಗಿಯೊಬ್ಬಳೂ ಮೂರನೇ ಭಾಷಣದಿಂದಾಚೆ ಏನೂ ತಲೆಗೆ ಹೋಗಲಿಲ್ಲ ಅಂದಳು. ಎಲ್ಲರಿಗೂ ಮಾತಾಡಲು ಅವಕಾಶ ಕೊಡಬೇಕು, ಕೊಟ್ಟರೆ ತಾನೇ ಕಾಲೇಜಿನಿಂದ ಓಡಾಟದ ಖರ್ಚು ಸಿಗುವುದು, ಆ ಕಷ್ಟ ನನಗೂ ಗೊತ್ತು. ಅದಕ್ಕೆ ಜಗಲಿಯಲ್ಲಿ ಪೋಸ್ಟರ್ ಹಾಕಿಸಿ. ಕಾಫಿ ಕುಡಿಯುತ್ತಾ ನಿಂತು ಮಾತಾಡುತ್ತಾರೆ, ಖರ್ಚಿಗೂ ದಾಖಲೆ ಆಗುತ್ತದೆ.

ಆ ದಿನವೇ ಕರೆಂಟೂ ಹೋಯಿತು, ಇಂಟರ್ನೆಟ್ಟೂ ಹೋಯಿತು. ಜನರೇಟರ್ ಇದೆ, ಲೈಟು ಬಂತು, ಪ್ರೊಜೆಕ್ಟರೂ ಬಂತು, ಆದರೆ ಹೊರದೇಶದಿಂದ ಆನ್‌ಲೈನ್‌ನಲ್ಲಿ ಮಾತಾಡಬೇಕಿದ್ದವರ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಅದರಿಂದ ಒಂದು ಒಳ್ಳೆಯದೂ ಆಯಿತು. ಅವರ ಸ್ಲೈಡಿನ ಪ್ರತಿ ಯಾರದೋ ಮೊಬೈಲಿನಲ್ಲಿ ಇತ್ತು. ಅದನ್ನು ನೋಡಿಕೊಂಡು ಒಬ್ಬ ಯುವ ಸಂಶೋಧಕ ಎದ್ದು ಬೋರ್ಡಿನ ಮೇಲೆ ವಿವರಿಸಲು ಶುರು ಮಾಡಿದ. ವಿಷಯ ಹಾನ್-ಬಾನಾಕ್ ಪ್ರಮೇಯ, ಅಂದರೆ ಚಿಕ್ಕ ಸ್ಪೇಸಿನ ಮೇಲಿನ ಲೀನಿಯರ್ ಫಂಕ್ಷನಲ್ಲನ್ನು ಅದರ ಗಾತ್ರ ಹೆಚ್ಚಿಸದೆ ದೊಡ್ಡ ಸ್ಪೇಸಿಗೆ ವಿಸ್ತರಿಸಬಹುದು ಅನ್ನುವುದು. ನಾವೆಲ್ಲ ಎಂ.ಎಸ್ಸಿ.ಯಲ್ಲಿ ಓದಿದ್ದು, ಎಲ್ಲ ಕಡೆ ನಡೆಯುತ್ತದೆ ಅಂತ ತಿಳಿದದ್ದು. ಪಿ-ಆ್ಯಡಿಕ್ ಕಡೆ ಅದು ಎಲ್ಲ ಫೀಲ್ಡ್‌ಗಳ (ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯಾವ್ಯವಸ್ಥೆಗಳ) ಮೇಲೂ ನಡೆಯುವುದಿಲ್ಲ. ಒಂದರೊಳಗೊಂದು ಇರುವ ಗೋಳಗಳ ಸಾಲು ಹಿಡಿಯಿರಿ, ಎಲ್ಲದರಲ್ಲೂ ಇರುವ ಬಿಂದು ಒಂದಾದರೂ ಸಿಗಬೇಕು ಅಲ್ವಾ? ಸಂಕೀರ್ಣ ಸಂಖ್ಯೆಗಳ ಪಿ-ಆ್ಯಡಿಕ್ ರೂಪದಲ್ಲಿ ಸಿಗದೇ ಹೋಗಬಹುದು, ಫೀಲ್ಡ್ ಪೂರ್ಣವಾಗಿದ್ದರೂ ಸಹ, ಯಾಕೆಂದರೆ ಗೋಳಗಳ ತ್ರಿಜ್ಯ ಸೊನ್ನೆಗೆ ಹೋಗದೆ ಮಧ್ಯದಲ್ಲೇ ನಿಲ್ಲಬಹುದು. ಎಲ್ಲಿ ಅಂಥ ಬಿಂದು ಯಾವಾಗಲೂ ಸಿಗುತ್ತದೋ ಅಲ್ಲಿ ಹಾನ್-ಬಾನಾಕ್ ಸಲೀಸು ಅಂತ ಇಂಗಲ್ಟನ್ 1952ರಲ್ಲಿ ತೋರಿಸಿದ. ಆ ಹುಡುಗ ಮೂರು ಸಲ ಒರೆಸಿದ, ಎರಡು ಸಲ ಗೋಳಗಳನ್ನು ಬೇರೆ ತರಹ ಬರೆದ, ಹಿಂದಿನಿಂದ ಇಬ್ಬರು ಕೂಗಿ ತಿದ್ದಿದರು. ಇಡೀ ದಿನದಲ್ಲಿ ನನಗೆ ಅರ್ಥವಾದದ್ದು ಅದೊಂದೇ.

ಮೂರನೇ ದಿನದಿಂದ ವೇಳಾಪಟ್ಟಿ ಬದಲಾಯಿಸಿದರು. ದೂರು ಕೇಳಿ ಬದಲಾಯಿಸಿದ್ದಕ್ಕೆ ಮೆಚ್ಚುಗೆ. ಬೆಳಿಗ್ಗೆ ಎರಡೇ ದೊಡ್ಡ ಭಾಷಣ, ನಡುವೆ ಉದ್ದ ಬಿಡುವು. ಒಂದು ಜಾಮಿತಿ ಕಡೆಯದು: ಗಣಿತಜ್ಞ ಟೇಟ್ 1961ರಲ್ಲಿ ಹಾರ್ವರ್ಡ್‌ನಲ್ಲಿ ಶುರು ಮಾಡಿದ ರಿಜಿಡ್ ಅನಾಲಿಸಿಸ್‌ನಿಂದ (ಪಿ-ಆ್ಯಡಿಕ್ ಸಂಖ್ಯೆಗಳ ಮೇಲೆ ಜಾಮಿತಿ ಮಾಡುವ ರೀತಿ) ಹಿಡಿದು, ಬರ್ಕೊವಿಚ್ ಮಾಡಿದ್ದನ್ನು ದಾಟಿ, ಪೀಟರ್ ಶೋಲ್ಜೆಯ ಪರ್ಫೆಕ್ಟಾಯ್ಡ್ ಸ್ಪೇಸ್‌ಗಳವರೆಗೆ. ಶೋಲ್ಜೆಗೆ 2018ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು. ನನಗೆ ಟೇಟ್‌ವರೆಗೆ ಕಾಲು ನೆಲಕ್ಕೆ ತಾಗುತ್ತಿತ್ತು, ಆಮೇಲೆ ಇಲ್ಲ. ಈ ಕಡೆ ಆಸಕ್ತಿ ಇರುವವರಿಗೆ ಒಂದು ಮಾತು: ಬೆಂಗಳೂರಿನ ಐಸಿಟಿಎಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ 2019ರಲ್ಲಿ ಪರ್ಫೆಕ್ಟಾಯ್ಡ್ ಸ್ಪೇಸ್ ಮೇಲೆಯೇ ಶಿಬಿರ ನಡೆದಿತ್ತು, ಪಾಠಗಳು ಯೂಟ್ಯೂಬಿನಲ್ಲಿವೆ. ಇನ್ನೊಂದು ಭಾಷಣ ಭೌತಶಾಸ್ತ್ರದ್ದು. ಕಣಗಳನ್ನು ಸಣ್ಣ ಎಳೆಗಳಾಗಿ ನೋಡುವ ಸ್ಟ್ರಿಂಗ್ ಸಿದ್ಧಾಂತ ಇದೆಯಲ್ಲ, 1987ರಲ್ಲಿ ವೊಲೊವಿಚ್ ಅದರ ಪಿ-ಆ್ಯಡಿಕ್ ರೂಪದ ಬಗ್ಗೆ ಬರೆದ ಮೇಲೆ ಬೆಳೆದ ಕವಲು ಅದು. ಕೇಳಲು ಚೆಂದ, ನಂಬಲು ಇನ್ನೂ ಸ್ವಲ್ಪ ಪುರಾವೆ ಬೇಕು ಅನ್ನಿಸಿತು.

ಮಧ್ಯಾಹ್ನ ಭಾಗಮಂಡಲಕ್ಕೆ ಹೋಗುವುದೆಂದಿತ್ತು, ಸಂಗಮದಲ್ಲಿ ನೀರು ಏರಿದೆ ಅಂತ ಬಿಟ್ಟೆವು. ಅಬ್ಬಿ ಫಾಲ್ಸ್ ನೋಡಿದೆವು, ಅಂದರೆ ಮೈಮೇಲೆ ಎರಚಿಸಿಕೊಂಡೆವು. ರಾಜಾಸೀಟಿನಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಹೆಚ್ಚಿನವರು ಹೋಮ್‌ಸ್ಟೇಯಲ್ಲೇ ಉಳಿದು ಜಗಲಿಯಲ್ಲಿ ಕೂತು ಹರಟಿದರು. ನನ್ನ ಲೆಕ್ಕದಲ್ಲಿ ಸಭೆ ನಡೆದದ್ದೇ ಅಲ್ಲಿ. ಬೆಲ್ಲದ ಕಾಫಿ ಲೋಟದ ಪಕ್ಕ ಪೇಪರ್ ತಟ್ಟೆಯ ಹಿಂಬದಿಯಲ್ಲಿ ಗೀಚುತ್ತಾ, ಕರೆದರೂ ಊಟಕ್ಕೆ ಏಳದೆ, ಒಬ್ಬರು ಚಿಲಿಯವರು ಒಬ್ಬರು ಕೋಲ್ಕತ್ತದವರು ಎರಡು ತಾಸು ಜಗಳ ಆಡಿದರು. ಕೊನೆಗೆ ಇಬ್ಬರೂ ಸೇರಿ ಒಂದು ಪೇಪರ್ ಬರೆಯುವುದೆಂದು ಮಾತಾಯಿತು. ಮಾಲೀಕರು ನನ್ನ ಕಿವಿಯಲ್ಲಿ, "ಏನು ಸರ್, ಆಸ್ತಿ ಪಾಲಿನ ಜಗಳವಾ?" ಅಂತ ಕೇಳಿದರು.

ಹಣದ ವಿಷಯ. ಬಾಡಿಗೆ ನ್ಯಾಯವಾಗಿದೆ, ಊಟ ಸೇರಿ ಆದ್ದರಿಂದ ಇನ್ನೂ ನ್ಯಾಯ. ತಕರಾರು ಬಿಲ್ಲಿನದು. ಮೊದಲು ಕೊಟ್ಟದ್ದು ಕೈಬರಹದ ಚೀಟಿ. ಕಾಲೇಜು, ವಿಶ್ವವಿದ್ಯಾಲಯದ ಆಫೀಸಿನಲ್ಲಿ ಅಂಥ ಚೀಟಿಯನ್ನು ಯಾರೂ ಮುಟ್ಟುವುದಿಲ್ಲ. ಜಿಎಸ್‌ಟಿ ಬಿಲ್ಲು ಕೇಳಿದರೆ ನಾಳೆ, ನಾಡಿದ್ದು, ಅಕೌಂಟೆಂಟ್ ಊರಲ್ಲಿಲ್ಲ. ಎಲ್ಲರೂ ಹೋದ ಮೇಲೆ ನಾನೇ ಮತ್ತೆ ಹೋಗಿ ಕೂತು ಮಾಡಿಸಿ, ಒಬ್ಬೊಬ್ಬರಿಗೆ ಕಳಿಸಬೇಕಾಯಿತು. ಸರ್ಟಿಫಿಕೇಟುಗಳಲ್ಲಿ ಹೆಸರಿನ ಕಾಗುಣಿತ ತಪ್ಪಿದ್ದು ಆಯೋಜಕರ ಕಡೆಯ ಎಡವಟ್ಟು, ಹೋಮ್‌ಸ್ಟೇಯವರದ್ದಲ್ಲ.

ಇಂಥ ಸಭೆ ಮಾಡುವ ಯೋಚನೆ ಇರುವವರು ಫೋನ್ ಮಾಡುವಾಗ ಇಷ್ಟು ಹೇಳಿಬಿಡಿ. ಸೌದೆ ಒಲೆಯ ಅಡುಗೆಮನೆಯೇ ಬೇಕು, ಗ್ಯಾಸ್ ಇರುವ ಹೊಸ ಅಡುಗೆಮನೆ ಬೇಡ, ರುಚಿಗೂ ಸೀಮೆಸುಣ್ಣಕ್ಕೂ ಅದೇ ಸರಿ. ಅಡ್ವಾನ್ಸ್ ಕೊಡುವಾಗಲೇ ನಿಮ್ಮ ಸಂಸ್ಥೆಯ ಜಿಎಸ್‌ಟಿ ನಂಬರ್ ಬರೆಸಿ. ಆನ್‌ಲೈನ್ ಭಾಷಣ ಇಟ್ಟುಕೊಳ್ಳಬೇಡಿ, ಇಟ್ಟುಕೊಂಡರೆ ಸ್ಲೈಡನ್ನು ಮುಂಚೆಯೇ ತರಿಸಿಕೊಳ್ಳಿ. ಮಾಂಸಕ್ಕೆ ಒಂದು ಅಟ್ಟ, ಸುಣ್ಣಕ್ಕೆ ಇನ್ನೊಂದು ಅಟ್ಟ ಮಾಡಿಕೊಡಿ ಅಂತ ಅಕ್ಕನಿಗೆ ಹೇಳಿದ್ದೇನೆ, ನೀವೂ ಒಮ್ಮೆ ನೆನಪಿಸಿ. ಮತ್ತೆ ಹಾಲ್‌ನ ಮರದ ಕಂಬದ ಹಿಂದೆ ಒಂದು ಸಾಲು ಕುರ್ಚಿ ಹಾಕುತ್ತಾರೆ, ಅದನ್ನು ಮೊದಲೇ ತೆಗೆಸಿಬಿಡಿ. ಅಲ್ಲಿ ಕೂತವರಿಗೆ ಬೋರ್ಡಿನ ಎಡಗಡೆ ಅರ್ಧ ಕಾಣುವುದಿಲ್ಲ, ಪ್ರಮೇಯ ಬರೆಯುವುದು ಯಾವಾಗಲೂ ಎಡಗಡೆಯೇ.